ಐವತ್ತು ಜನ ಇದ್ದರೆ ಸಾಕು

2024ರ ಜುಲೈ 22, ಸೋಮವಾರ. 26 ವಾರಗಳ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ. ಮಗಳಿಗೆ ಆಗ ಐದು ತಿಂಗಳು ಎಂಟು ದಿನ. ಬೆಳಿಗ್ಗೆ ಎಂಟಕ್ಕೆ ಅವಳಿಗೆ ಹಾಲು ಕುಡಿಸಿ, ಅತ್ತೆಯ ಕೈಗೆ ಕೊಟ್ಟು ನಾಗರಬಾವಿಯ ಮನೆಯಿಂದ ಹೊರಟೆ. ಪೀಣ್ಯದ ಆಫೀಸು ದೂರವೇನಲ್ಲ. ಆದರೆ ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಗಂಟೆ ಕಳೆದಿರುತ್ತೆ. ಹನ್ನೊಂದೂವರೆ ಹೊತ್ತಿಗೆ ಎದೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಹನ್ನೆರಡಕ್ಕೆ ಕುರ್ತಾ ಒದ್ದೆ. ಪಕ್ಕದ ಟೇಬಲ್ಲಿನ ಹುಡುಗ ಬಿಲ್ ತೋರಿಸೋಕೆ ಬಂದಾಗ ಫೈಲನ್ನು ಎದೆಗೆ ಅವುಚಿಕೊಂಡೇ ಮಾತಾಡಿದೆ.

ಆ ದಿನ ಹಾಲು ಹಿಂಡಿದ್ದು ಟಾಯ್ಲೆಟ್ಟಿನಲ್ಲಿ. ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತು, ಕೈಯಲ್ಲಿ ಒತ್ತುವ ಪಂಪ್ ಹಿಡಿದು. ಹೊರಗೆ ಯಾರೋ ಬಾಗಿಲು ಬಡಿದರು. ಬಾಟಲಿಯಲ್ಲಿ ಸೇರಿದ್ದ ಹಾಲನ್ನು ಅಲ್ಲೇ ಬೇಸಿನ್ನಿಗೆ ಸುರಿದೆ. ಟಾಯ್ಲೆಟ್ಟಿನಲ್ಲಿ ತೆಗೆದ ಹಾಲನ್ನು ಮಗುವಿಗೆ ಕೊಡೋಕೆ ಮನಸ್ಸು ಬರಲಿಲ್ಲ. ನೀವಾಗಿದ್ದರೂ ಕೊಡುತ್ತಿರಲಿಲ್ಲ, ಅಲ್ವಾ? ನಮ್ಮ ಊಟದ ಡಬ್ಬಿಯನ್ನು ನಾವು ಅಲ್ಲಿ ತೆರೆಯುತ್ತೀವಾ?

ಇದನ್ನು ಬರೆಯುತ್ತಿರುವುದು ಆ ದಿನದಿಂದ ಮುಂದಿನ ಹತ್ತು ತಿಂಗಳಲ್ಲಿ ಏನೇನಾಯಿತು ಅಂತ ಹೇಳೋಕೆ. ನಾನು ವಕೀಲೆ ಅಲ್ಲ, ಅಕೌಂಟ್ಸ್ ನೋಡುವವಳು. ಆದರೆ ಕೇಳಬೇಕಾದ್ದನ್ನು ಹೇಗೆ ಕೇಳಬೇಕು ಅಂತ ಗೊತ್ತಾಗುವಷ್ಟರಲ್ಲಿ ನಾನು ಒಂದು ಜ್ವರ ಅನುಭವಿಸಿದ್ದೆ, ಮೂರು ದಿನದ ಸಂಬಳ ಕಳೆದುಕೊಂಡಿದ್ದೆ. ಇನ್ನೊಬ್ಬಳಿಗೆ ಅದು ಬೇಡ.

ಮೊದಲು ಬಾಯಿಮಾತಿನಲ್ಲಿ ಕೇಳಿದೆ. ಎಚ್‌ಆರ್ ಮ್ಯಾನೇಜರ್ ಕೆಟ್ಟವರಲ್ಲ. ರಜೆಗೆ ಹೋಗುವಾಗ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದವರು. "ಸರ್, ದಿನಕ್ಕೆ ಎರಡು ಸಲ ಸ್ವಲ್ಪ ಹೊತ್ತು ಬೇಕು. ಒಂದು ಚಿಲಕ ಇರುವ ಜಾಗ ಬೇಕು" ಅಂದೆ. ಅವರಿಗೆ ಮುಜುಗರವಾಯಿತು, ನನಗೂ ಆಯಿತು. "ಊಟದ ಬ್ರೇಕ್ ಇದೆಯಲ್ಲ ಮೇಡಂ, ಅದರಲ್ಲೇ ಅಡ್ಜಸ್ಟ್ ಮಾಡ್ಕೊಳಿ" ಅಂದರು. ಸರಿ ಸರ್ ಅಂತ ಬಂದುಬಿಟ್ಟೆ.

ಅಡ್ಜಸ್ಟ್ ಮಾಡಿಕೊಂಡೆ. ಎರಡು ವಾರ. ಊಟದ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಪಂಪಿಗೆ, ಹತ್ತು ನಿಮಿಷ ಊಟಕ್ಕೆ. ಉಳಿದಂತೆ ಬೆಳಿಗ್ಗೆ ಎಂಟರಿಂದ ಒಂದರವರೆಗೆ, ಒಂದೂವರೆಯಿಂದ ಮನೆ ಮುಟ್ಟುವ ಏಳರವರೆಗೆ ಬಿಗಿದುಕೊಂಡೇ ಇರೋದು. ಎರಡನೇ ವಾರದ ಕೊನೆಗೆ ಎಡಗಡೆ ಒಂದು ಗಂಟು ಕಾಣಿಸಿತು. ಸುತ್ತ ಕೆಂಪಗೆ, ಮುಟ್ಟಿದರೆ ಜೀವ ಹೋಗುವಷ್ಟು ನೋವು. ರಾತ್ರಿ ಚಳಿ ಚಳಿ ಅಂತ ನಡುಗಿದೆ. 102 ಡಿಗ್ರಿ ಜ್ವರ. ಡಾಕ್ಟರ್ ಮುಟ್ಟಿ ನೋಡಿ, ಹಾಲು ಕಟ್ಟಿಕೊಂಡು ಸೋಂಕಾಗಿದೆ ಅಂದರು. ಮಾತ್ರೆ ಬರೆದರು. "ಆಫೀಸಲ್ಲಿ ಎಷ್ಟು ಗಂಟೆಗೊಮ್ಮೆ ಖಾಲಿ ಮಾಡ್ತೀರಿ?" ಅಂತ ಕೇಳಿದರು. ಐದಾರು ಗಂಟೆಗೊಮ್ಮೆ ಅಂದೆ. ಅವರು ತಲೆ ಅಲ್ಲಾಡಿಸಿ, ಮಗು ಮನೆಯಲ್ಲಿ ಎಷ್ಟು ಹೊತ್ತಿಗೆ ಕುಡಿಯುತ್ತೋ ಅಷ್ಟು ಹೊತ್ತಿಗೆ ತೆಗೀಲೇಬೇಕು ಅಂದರು.

ಅತ್ತೆ ಪಾಪ, ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, "ಇನ್ನೇನು ಆರು ತಿಂಗಳು ತುಂಬುತ್ತೆ, ರಾಗಿ ಸರಿ ಶುರು ಮಾಡೋಣ, ನೀನು ಯಾಕೆ ಇಷ್ಟು ಸಂಕಟ ಪಡ್ತೀಯ" ಅಂದರು. ಪ್ರೀತಿಯಿಂದಲೇ ಅಂದದ್ದು. ರಾಗಿ ಸರಿ ಶುರು ಮಾಡಿದೆವು ಕೂಡ. ಆದರೆ ಆರು ತಿಂಗಳವರೆಗೆ ಬರೀ ಎದೆಹಾಲು, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕಾಲ ಎದೆಹಾಲು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆರು ತಿಂಗಳಿಗೆ ನಲ್ಲಿ ತಿರುಗಿಸಿದ ಹಾಗೆ ಹಾಲು ನಿಲ್ಲೋದಿಲ್ಲ. ನನಗೆ ನಿಲ್ಲಿಸೋ ಇಷ್ಟವೂ ಇರಲಿಲ್ಲ.

ಜ್ವರದ ಮೂರನೇ ರಾತ್ರಿ, ಮಗಳು ಮಲಗಿದ ಮೇಲೆ, ಮೊಬೈಲಿನಲ್ಲಿ 1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು ತೆರೆದು ಕೂತೆ. 26 ವಾರ ರಜೆ ಅನ್ನೋದು ಎಲ್ಲರಿಗೂ ಗೊತ್ತು. 2017ರ ತಿದ್ದುಪಡಿಯಲ್ಲಿ 12 ವಾರ ಇದ್ದದ್ದು 26 ಆಯಿತು, ಪೇಪರಲ್ಲೆಲ್ಲ ಬಂತು. ಅದರಾಚೆ ಏನಿದೆ ಅಂತ ನಾನು ಯಾವತ್ತೂ ನೋಡಿರಲಿಲ್ಲ. 11ನೇ ಸೆಕ್ಷನ್ ಓದಿದಾಗ ಎದ್ದು ಕೂತೆ. ಹೆರಿಗೆಯ ನಂತರ ಕೆಲಸಕ್ಕೆ ಮರಳಿದ ಹೆಂಗಸಿಗೆ, ಮಗುವಿಗೆ 15 ತಿಂಗಳು ತುಂಬುವವರೆಗೆ, ದಿನಕ್ಕೆ ಎರಡು ಸಲ ಹಾಲೂಡಿಸೋಕೆ ಬಿಡುವು ಕೊಡಬೇಕು. ಅದೂ ಹೇಗೆ? ಮಾಮೂಲಿ ವಿಶ್ರಾಂತಿಯ ಬಿಡುವಿನ ಜೊತೆಗೆ, ಅದಕ್ಕೆ ಹೆಚ್ಚುವರಿಯಾಗಿ. ಊಟದ ಬ್ರೇಕಿನಲ್ಲಿ ಅಡ್ಜಸ್ಟ್ ಮಾಡ್ಕೊಳಿ ಅನ್ನೋ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಈ ಸೆಕ್ಷನ್ 2017ರದ್ದಲ್ಲ, ಮೊದಲಿಂದ ಇದ್ದದ್ದು. ನನ್ನ ಅಮ್ಮ ಹುಟ್ಟುವುದಕ್ಕೂ ಮುಂಚಿನದು.

ಆದರೆ ಒಂದು ಕೊರತೆ ಕಂಡಿತು. ಕಾಯ್ದೆ ಸಮಯ ಕೊಟ್ಟಿದೆ. "ಮಗುವಿಗೆ ಹಾಲೂಡಿಸಲು" ಅಂತ ಬರೆದಿದೆ. ಮಗು ಎಲ್ಲಿದೆ? ನಾಗರಬಾವಿಯಲ್ಲಿ. ನಮ್ಮೂರ ಕಡೆ ಕಳೆ ಕೀಳೋಕೆ ಹೋದವರು ಹೊಂಗೆ ಮರಕ್ಕೆ ಹಳೇ ಸೀರೆಯಲ್ಲಿ ಜೋಲಿ ಕಟ್ಟಿ ಮಗುವನ್ನು ಮಲಗಿಸುತ್ತಿದ್ದರು. ಅತ್ತಾಗ ಹೋಗಿ ಕುಡಿಸಿ ಬರುತ್ತಿದ್ದರು. ಕಾಯ್ದೆ ಬರೆದವರ ಮನಸ್ಸಿನಲ್ಲಿ ಅಂಥದ್ದೇ ಚಿತ್ರ ಇದ್ದಿರಬೇಕು, ಮಗು ಕೂಗಳತೆಯಲ್ಲಿ ಇರುತ್ತೆ ಅಂತ. ಹಾಲು ಹಿಂಡಿ ಫ್ರಿಜ್ಜಿನಲ್ಲಿಟ್ಟು ಮನೆಗೆ ಒಯ್ಯುವ ತಾಯಿಗೆ ಚಿಲಕವಿರುವ ಒಂದು ಕೋಣೆ ಬೇಕು ಅನ್ನೋ ಮಾತು 11ನೇ ಸೆಕ್ಷನ್ನಿನಲ್ಲಿ ಇಲ್ಲ.

ಜಾಗದ ಮಾತು ಬರೋದು ಅದರ ಮುಂದಿನ 11ಎ ಸೆಕ್ಷನ್ನಿನಲ್ಲಿ. 2017ರಲ್ಲಿ ಸೇರಿಸಿದ್ದು. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಪ್ರತಿ ಸಂಸ್ಥೆಯೂ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು. ಕ್ರೆಶ್ ಅಂತೀವಲ್ಲ, ಅದು. ಒಬ್ಬರೇ ನಡೆಸಬಹುದು, ಬೇರೆಯವರ ಜೊತೆ ಸೇರಿ ಹಂಚಿಕೊಳ್ಳಲೂಬಹುದು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು, ವಿಶ್ರಾಂತಿಯ ಬಿಡುವೂ ಆ ನಾಲ್ಕರಲ್ಲಿ ಸೇರುತ್ತೆ. ಇನ್ನೊಂದು ಮಾತೂ ಇದೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪ್ರತಿ ಹೆಂಗಸಿಗೂ ಈ ಎಲ್ಲ ಸೌಲಭ್ಯಗಳನ್ನು ಬರಹದಲ್ಲಿ ತಿಳಿಸಬೇಕು. ನಾನು ಸೇರಿದ್ದು 2019ರಲ್ಲಿ. ನನ್ನ ನೇಮಕಾತಿ ಪತ್ರ ಹುಡುಕಿ ತೆಗೆದೆ. ಪಿಎಫ್ ಇದೆ, ನೋಟಿಸ್ ಪಿರಿಯಡ್ ಇದೆ. ಇದರ ಬಗ್ಗೆ ಒಂದು ಸಾಲೂ ಇಲ್ಲ.

ಆಗಸ್ಟ್ 12ಕ್ಕೆ ಅರ್ಜಿ ಬರೆದೆ. ಒಂದೇ ಪುಟ. ಕೋಪದ ಮಾತು ಒಂದೂ ಹಾಕಲಿಲ್ಲ. ಮಗು ಹುಟ್ಟಿದ ತಾರೀಕು, ಕೆಲಸಕ್ಕೆ ಮರಳಿದ ತಾರೀಕು, 15 ತಿಂಗಳು ತುಂಬುವ ತಾರೀಕು ಅಂದರೆ 2025ರ ಮೇ 14. ಬೇಕಾದ್ದು ಮೂರು: ಹನ್ನೊಂದಕ್ಕೂ ನಾಲ್ಕಕ್ಕೂ ಬಿಡುವು, ಚಿಲಕವಿರುವ ಕೋಣೆ, ಕ್ರೆಶ್ ಬಗ್ಗೆ ಕಂಪನಿಯ ಲಿಖಿತ ಉತ್ತರ. ಇಮೇಲ್ ಕಳಿಸಿದೆ. ಅದರ ಪ್ರಿಂಟ್ ತೆಗೆದು ಖುದ್ದಾಗಿ ಕೊಟ್ಟು, ಜೆರಾಕ್ಸ್ ಕಾಪಿಯ ಮೇಲೆ ಸೀಲು ಹಾಕಿಸಿಕೊಂಡೆ. ಆ ಸೀಲು ಮುಂದೆ ತುಂಬಾ ಕೆಲಸಕ್ಕೆ ಬಂತು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರೋದಿಲ್ಲ.

ಮಾರನೇ ದಿನ ಕರೆದರು. ಎಚ್‌ಆರ್ ಜೊತೆ ಪ್ಲಾಂಟ್ ಮ್ಯಾನೇಜರೂ ಇದ್ದರು. "ಮೇಡಂ, ನಮ್ಮಲ್ಲಿ ಲೇಡೀಸ್ ಇರೋದೇ ಹನ್ನೊಂದು ಜನ. ಅದರಲ್ಲಿ ಚಿಕ್ಕ ಮಗು ಇರೋದು ನಿಮಗೊಬ್ಬರಿಗೆ. ಒಬ್ಬರಿಗೋಸ್ಕರ ಕ್ರೆಶ್ ಮಾಡೋಕಾಗುತ್ತಾ?"

ಇದೇ ಮಾತನ್ನು ಆಮೇಲೆ ಬೇರೆ ಕಂಪನಿಯ ಗೆಳತಿಯರ ಬಾಯಲ್ಲೂ ಕೇಳಿದ್ದೇನೆ. ಅದಕ್ಕೇ ಒತ್ತಿ ಹೇಳುತ್ತೇನೆ. ಕಾಯ್ದೆ ಹೆಂಗಸರನ್ನು ಎಣಿಸು ಅಂದಿಲ್ಲ. 50 ನೌಕರರು ಅಂದಿದೆ, ಗಂಡಸರೂ ಸೇರಿ. ನಮ್ಮಲ್ಲಿ ಒಟ್ಟು 130 ಜನ. ಫ್ಯಾಕ್ಟರಿ ಕಾಯ್ದೆಯಲ್ಲಿ, 1948ರದ್ದು, 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದರೆ ಕ್ರೆಶ್ ಅನ್ನೋ ಲೆಕ್ಕ ಇತ್ತು. ಗಾರ್ಮೆಂಟ್ಸ್‌ನವರಿಗೆ ಆ ಲೆಕ್ಕ ಚೆನ್ನಾಗಿ ಗೊತ್ತು. ಬಹುಶಃ ಅದೇ ಎಲ್ಲರ ತಲೆಯಲ್ಲಿ ಕೂತಿದೆ. ನಾನು ಸೆಕ್ಷನ್ನಿನ ಪ್ರಿಂಟ್ ಮುಂದಿಟ್ಟೆ. ಪ್ಲಾಂಟ್ ಮ್ಯಾನೇಜರ್ ಓದಿದರು. "ನೋಡ್ತೀವಿ" ಅಂದರು. ಹತ್ತು ದಿನ ಏನೂ ಆಗಲಿಲ್ಲ.

ಆ ಹತ್ತು ದಿನದಲ್ಲಿ ಒಂದು ಸಂಗತಿ ನಡೆಯಿತು. ನಾನು ಟಾಯ್ಲೆಟ್ಟಿನಿಂದ ಪಂಪ್ ತೊಳೆದುಕೊಂಡು ಬರುತ್ತಿದ್ದೆ. ನಮ್ಮಲ್ಲಿ ಹೌಸ್‌ಕೀಪಿಂಗ್ ಮಾಡುವ ಒಬ್ಬಳು ಇದ್ದಳು. ಯಾದಗಿರಿ ಕಡೆಯವಳು, ಏಜೆನ್ಸಿ ಮೂಲಕ ಬಂದವಳು. ವಯಸ್ಸು ಇಪ್ಪತ್ತಮೂರೋ ನಾಲ್ಕೋ. ಪಂಪನ್ನೇ ನೋಡುತ್ತಾ ನಿಂತಳು. "ಇದರಾಗ ಹಾಲು ತಗೀತಾರೇನ್ರಿ ಅಕ್ಕಾರ?" ಅಂದಳು. ಹೌದು ಅಂದೆ. "ನಂದೂ ಹಂಗೇ ಆಗ್ತಿತ್ರಿ. ಬಚ್ಚಲದಾಗ ಹಿಂಡಿ ಚೆಲ್ಲತಿದ್ದೆ. ಈಗ ಬತ್ತಿತ್ರಿ."

ಅವಳ ಗಂಡುಮಗು ನನ್ನ ಮಗಳಿಗಿಂತ ಒಂದೇ ತಿಂಗಳು ದೊಡ್ಡವನು. ಮೂರು ತಿಂಗಳಿದ್ದಾಗ ಊರಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಇಲ್ಲಿ ಶೆಡ್ಡಿನಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ. ಅದಕ್ಕೇ. "ಚಿಕ್ಕ ಮಗು ಇರೋದು ನಿಮಗೊಬ್ಬರಿಗೆ" ಅಂದಾಗ ನಾನೂ ತಲೆಯಾಡಿಸಿ ಕೂತಿದ್ದೆ. ಆ ಹನ್ನೊಂದರ ಲೆಕ್ಕದಲ್ಲಿ ಇವಳು ಇರಲೇ ಇಲ್ಲ. ನನ್ನ ಲೆಕ್ಕದಲ್ಲೂ ಇರಲಿಲ್ಲ. ದಿನಾ ನನ್ನ ಟೇಬಲ್ ಒರೆಸುತ್ತಿದ್ದವಳು.

ಅವತ್ತು ರಾತ್ರಿ ಮತ್ತೆ ಕಾಯ್ದೆ ತೆರೆದೆ. 3ನೇ ಸೆಕ್ಷನ್ನಿನಲ್ಲಿ "ಮಹಿಳೆ" ಅಂದರೆ ಯಾರು ಅಂತ ಹೇಳಿದೆ. ಕೂಲಿಗಾಗಿ ನೇರವಾಗಿಯಾಗಲಿ, ಯಾವುದೇ ಏಜೆನ್ಸಿಯ ಮೂಲಕವಾಗಲಿ, ಕೆಲಸ ಮಾಡುವ ಮಹಿಳೆ. ಏಜೆನ್ಸಿಯ ಮೂಲಕವಾಗಲಿ! ಇಡೀ ಕಾಯ್ದೆಯಲ್ಲಿ ನನ್ನನ್ನು ತಟ್ಟಿದ್ದು ಈ ಎರಡು ಪದ. ಅವಳನ್ನು ಕಾನೂನು ಯಾವತ್ತೋ ಲೆಕ್ಕಕ್ಕೆ ತಗೊಂಡಿತ್ತು. ಲೆಕ್ಕ ಬಿಟ್ಟದ್ದು ನಾವು.

ಎರಡನೇ ಪತ್ರ ಬರೆದೆ. ವಕೀಲೆಯಾಗಿರುವ ಗೆಳತಿಯೊಬ್ಬಳು ಆಗ ನಮ್ಮ ಹೈಕೋರ್ಟಿನ 2021ರ ಒಂದು ತೀರ್ಪು ಕಳಿಸಿದ್ದಳು. 2020ರಲ್ಲಿ ಬೆಂಗಳೂರಿನ ಆಸ್ಪತ್ರೆಯಿಂದ ಕದ್ದೊಯ್ದ ಹಸುಗೂಸು ಕೊಪ್ಪಳದ ಒಬ್ಬ ಹೆಂಗಸಿನ ಹತ್ತಿರ ಬೆಳೆಯುತ್ತಿತ್ತು. ಹೆತ್ತ ತಾಯಿಗೆ ಸಿಗಬೇಕೋ, ಸಾಕಿದವಳಿಗೋ ಅನ್ನೋ ಪ್ರಶ್ನೆ. ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಮಗುವನ್ನು ಹೆತ್ತವಳಿಗೆ ಕೊಡಿಸಿದರು. ಹಾಲೂಡಿಸುವುದು ತಾಯಿಯಿಂದ ಕಸಿದುಕೊಳ್ಳಲಾಗದ ಹಕ್ಕು, ಕುಡಿಯುವ ಕೂಸಿನ ಹಕ್ಕೂ ಅದರ ಜೊತೆಗೇ ಸೇರಿದ್ದು, ಸಂವಿಧಾನದ 21ನೇ ವಿಧಿಯಲ್ಲಿ ಇದಕ್ಕೆ ರಕ್ಷಣೆ ಇದೆ ಅಂದರು. ಹೆತ್ತವಳು, ಸಾಕಿದವಳಿಗೆ ಮಗುವನ್ನು ನೋಡಬೇಕು ಅನಿಸಿದಾಗ ಬರಲಿ ಅಂದಳಂತೆ. ಅದನ್ನು ಓದಿ ನನಗೆ ಅಳು ಬಂತು. ಅದು ಆಫೀಸಿನ ಕೇಸಲ್ಲ ಅಂತ ಗೊತ್ತು, ಮಗು ಯಾರಿಗೆ ಸೇರಬೇಕು ಅನ್ನೋ ವ್ಯಾಜ್ಯ. ಆದರೂ ಆ ಮಾತನ್ನು ಪತ್ರದಲ್ಲಿ ಸೇರಿಸಿದೆ. ಇದು ಕಂಪನಿ ದೊಡ್ಡ ಮನಸ್ಸು ಮಾಡಿ ಕೊಡುವ ಸವಲತ್ತು ಅಲ್ಲ ಅಂತ ತಿಳಿಸಬೇಕಿತ್ತು. ಜೊತೆಗೆ ಏಜೆನ್ಸಿ ಕೆಲಸಗಾರರನ್ನೂ ಸೇರಿಸಿ ಉತ್ತರ ಕೊಡಿ ಅಂತ ಬರೆದೆ.

ಉತ್ತರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ರಜೆ ಹಾಕಿ ಕಾರ್ಮಿಕ ಇಲಾಖೆಗೆ ಹೋದೆ. ಹೋಗುವ ಮುಂಚೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಕೆಲಸ ಹೋದರೆ? ಮನೆ ಸಾಲದ ಕಂತಿನಲ್ಲಿ ಅರ್ಧ ನನ್ನ ಸಂಬಳದ್ದು. ಗಂಡ ಒಂದೇ ಮಾತು ಅಂದರು, "ನೀನು ಕೇಳ್ತಿರೋದು ತಪ್ಪಾ? ಅಲ್ಲ ತಾನೇ? ಹೋಗು." ಮಗಳನ್ನು ಎತ್ತಿಕೊಂಡು ಅವರೂ ಜೊತೆಗೆ ಬಂದರು. ಅಧಿಕಾರಿಯ ಮುಂದೆ ಕೂತಾಗ ಮಗಳು ಹಸಿದು ಅಳೋಕೆ ಶುರು ಮಾಡಿದಳು. ಅವರು ಎದ್ದು, "ಇಲ್ಲೇ ಕುಡಿಸಮ್ಮ, ನಾನು ಹೊರಗಿರ್ತೀನಿ" ಅಂತ ಬಾಗಿಲು ಎಳೆದುಕೊಂಡು ಹೋದರು. ಆ ಮಾತಿಗೆ ನನ್ನ ಅರ್ಧ ಹೆದರಿಕೆ ಹೋಯಿತು.

ಅವರು ಕೇಳಿದ ಕಾಗದಗಳು ಇವು: ನೇಮಕಾತಿ ಪತ್ರ, ಸಂಬಳದ ಸ್ಲಿಪ್, ಮಗುವಿನ ಜನನ ಪ್ರಮಾಣಪತ್ರ, ಕಂಪನಿಗೆ ಬರೆದ ಎರಡೂ ಪತ್ರಗಳ ಸೀಲಿನ ಕಾಪಿ. ಎಲ್ಲ ಇತ್ತು. ದೂರನ್ನು ಅಲ್ಲೇ ಕನ್ನಡದಲ್ಲಿ ಬರೆದುಕೊಟ್ಟೆ. ಮೂರನೇ ವಾರಕ್ಕೆ ಕಂಪನಿಗೆ ನೋಟಿಸ್ ಹೋಯಿತು. ಆಮೇಲೆ ಇನ್‌ಸ್ಪೆಕ್ಟರ್ ಬಂದು ಹಾಜರಿ ಪುಸ್ತಕ ನೋಡಿದರು. ಏಜೆನ್ಸಿಯ ಹಾಜರಿಯನ್ನೂ ತರಿಸಿದರು.

ನೋಟಿಸ್ ಬಂದ ವಾರ ಆಫೀಸಿನಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಟೀಗೆ ಕರೆಯೋದು ನಿಂತಿತು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು, "ಇನ್ಮೇಲೆ ಇಲ್ಲಿ ಲೇಡೀಸನ್ನ ತಗೋತಾರಾ ಅಕ್ಕ?" ಅಂತ ಕೇಳಿದಳು. ಅವಳ ಪ್ರಶ್ನೆ ಸುಮ್ನೆ ಬಂದದ್ದಲ್ಲ. ಕ್ರೆಶ್ಶಿನ ಖರ್ಚು ಪೂರ್ತಿ ಕಂಪನಿಯ ತಲೆಗೆ ಬರುತ್ತೆ. ಹೆಂಗಸರನ್ನು ತಗೊಳ್ಳೋದೇ ಬೇಡ ಅಂತ ಯೋಚಿಸುವವರು ಇದ್ದಾರೆ. ನನಗೆ ಅನಿಸೋದು ಇಷ್ಟು. ಮಕ್ಕಳನ್ನು ಬೆಳೆಸುವ ಖರ್ಚಿನಲ್ಲಿ ಸರ್ಕಾರವೂ ಪಾಲು ಹಾಕಬೇಕು. ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆದಿದ್ದಾರಲ್ಲ, ಅಂಥದ್ದು ಪೀಣ್ಯದಂಥ ಕೈಗಾರಿಕಾ ಪ್ರದೇಶದ ಪ್ರತಿ ಹಂತದಲ್ಲೂ ಒಂದೊಂದು ಯಾಕೆ ಇರಬಾರದು?

ಅಕ್ಟೋಬರಿನಲ್ಲಿ ಕೋಣೆ ಸಿಕ್ಕಿತು. ಹಳೇ ಫೈಲು ತುಂಬಿದ್ದ ಸಣ್ಣ ರೂಮು. ಖಾಲಿ ಮಾಡಿಸಿ, ಒಳಗಿನಿಂದ ಚಿಲಕ, ಒಂದು ಕುರ್ಚಿ, ಪ್ಲಗ್ಗು, ಕಿಟಕಿಗೆ ಪರದೆ. ಬಿಡುವಿನ ಸಮಯ ಲಿಖಿತ ಆದೇಶದಲ್ಲಿ ಬಂತು. ಪ್ಯಾಂಟ್ರಿಯ ಫ್ರಿಜ್ಜಿನಲ್ಲಿ ಒಂದು ಶೆಲ್ಫ್ ನನಗೆ ಬಿಟ್ಟರು. ಮೊದಲ ದಿನ ಆ ಕುರ್ಚಿಯಲ್ಲಿ ಕೂತು ತೆಗೆದ ಹಾಲು 150 ಎಂಎಲ್. ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಮನೆಗೆ ಒಯ್ದೆ. ಅತ್ತೆ ಬೆಳಕಿಗೆ ಹಿಡಿದು ನೋಡಿ, ಮಾರನೇ ಬೆಳಿಗ್ಗೆ ಲೋಟದಲ್ಲಿ ಹಾಕಿ ಚಮಚದಲ್ಲಿ ಕುಡಿಸಿದರಂತೆ. ಆ ದಿನ ಮಗಳು ಲೋಟ ಹಿಡಿದ ಫೋಟೋ ಕಳಿಸಿದ್ದರು. ಇನ್ನೂ ಇಟ್ಟುಕೊಂಡಿದ್ದೇನೆ.

ಕ್ರೆಶ್ ಆಗೋಕೆ ಜನವರಿ ಬಂತು. ಕಂಪನಿ ತಾನೇ ಕಟ್ಟಲಿಲ್ಲ. ಪಕ್ಕದ ಎರಡು ಕಂಪನಿಗಳ ಜೊತೆ ಸೇರಿ ಹತ್ತಿರದ ಒಂದು ಶಿಶುಪಾಲನಾ ಕೇಂದ್ರದ ಜೊತೆ ಒಪ್ಪಂದ ಮಾಡಿಕೊಂಡರು. ನಡೆದು ಹೋದರೆ ಆರೇಳು ನಿಮಿಷ. ಕಾಯ್ದೆ ಹೇಳುವ ಹಂಚಿಕೆ ಇದೇ. ಪಟ್ಟಿಯಲ್ಲಿ ಏಜೆನ್ಸಿಯವರ ಮಕ್ಕಳೂ ಸೇರಿದರು. ಸಂಕ್ರಾಂತಿಗೆ ಊರಿಗೆ ಹೋದ ಯಾದಗಿರಿಯವಳು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಳು. ಹಾಲು ಬತ್ತಿ ಆರು ತಿಂಗಳಾಗಿತ್ತು. ಮೊದಲ ವಾರ ಮಗು ಅವಳನ್ನು ಕಂಡರೆ ಅಳುತ್ತಿತ್ತು, ಅಜ್ಜಿ ಬೇಕು ಅಂತ.

ಆಫೀಸಿನ ಹೊರಗಿನ ಮಾತು ಬೇರೆ. ಅಲ್ಲಿ ಯಾರಿಗೆ ಅರ್ಜಿ ಬರೆಯೋದು? ಫೆಬ್ರವರಿಯ ಮೊದಲ ವಾರ ಹಾಸನಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಯಡಿಯೂರು ದಾಟಿದ ಮೇಲೆ ಮಗಳು ರಚ್ಚೆ ಹಿಡಿದಳು. ವೇಲು ಹೊದ್ದು ಕುಡಿಸೋಕೆ ಶುರು ಮಾಡಿದೆ. ಮುಂದಿನ ಸೀಟಿನವರು ತಿರುಗಿ, "ಮನೇಲೇ ಕುಡಿಸ್ಕೊಂಡು ಬರಬಾರದಾ" ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಸೆಕ್ಷನ್ ಬಾಯಿಪಾಠ ಇದ್ದವಳಿಗೆ ಆ ಹೊತ್ತಿಗೆ ಏನೂ ಹೊಳೆಯಲಿಲ್ಲ. ಪಕ್ಕದಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅಜ್ಜಿ, "ಹಸುಗೂಸಿಗೆ ಹೊತ್ತು ಗೊತ್ತಾಯ್ತದೇನಪ್ಪ? ಆ ಕಡೆ ತಿರುಗಿ ಕೂತ್ಕೋ" ಅಂದರು. ಅವರು ತಿರುಗಿ ಕೂತರು. ಅಜ್ಜಿ ನನ್ನ ಕಡೆಗೆ ನೋಡಿ, "ವೇಲು ತೆಗಿ ಮಗಾ, ಮಗೀಗೆ ಗಾಳಿ ಆಡಲಿ" ಅಂದರು.

ಅದೇ ತಿಂಗಳ 19ರಂದು ಸುಪ್ರೀಂ ಕೋರ್ಟಿನ ಆದೇಶ ಬಂತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಪ್ರಸನ್ನ ಬಿ. ವರಾಳೆ ಅವರ ಪೀಠ. ನಾಗರತ್ನ ನಮ್ಮವರೇ, ವರಾಳೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಸಾರ್ವಜನಿಕ ಜಾಗದಲ್ಲಾಗಲಿ, ಕೆಲಸದ ಜಾಗದಲ್ಲಾಗಲಿ, ಹಾಲೂಡಿಸುವುದನ್ನು ಕಳಂಕದ ಹಾಗೆ ಕಾಣಬಾರದು ಅಂದರು. ಹೆಂಗಸರ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡುವುದು ಪ್ರತಿ ನಾಗರಿಕರ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿಯಲ್ಲಿದೆ, ಅದನ್ನು ನೆನಪಿಸಿದರು. ಹೊಸದಾಗಿ ಕಟ್ಟುವ ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೋಣೆಗೆ ಜಾಗ ಇಡಬೇಕು, ಈಗಾಗಲೇ ಇರುವಲ್ಲಿ ಸಾಧ್ಯವಾದಷ್ಟು ಮಾಡಬೇಕು ಅಂತ ರಾಜ್ಯಗಳಿಗೆ ತಿಳಿಸಿದರು. ಒಳ್ಳೆಯದೇ. ಆದರೆ ಕೋಣೆ ಬೇಕು ಅನ್ನೋದು ಒಂದು, ಕೋಣೆಯೊಳಗೇ ಹೋಗು ಅನ್ನೋದು ಇನ್ನೊಂದು. ಮರೆ ಬೇಕಾದವರಿಗೆ ಮರೆ ಸಿಗಲಿ. ಬೇಡದವರು ಬಸ್ಸಿನ ಸೀಟಿನಲ್ಲೇ ಕುಡಿಸಲಿ. ಅಜ್ಜಿ ಹೇಳಿದ್ದೂ ಅದೇ ಅಲ್ವಾ.

ಮೇ 14ಕ್ಕೆ ಮಗಳಿಗೆ 15 ತಿಂಗಳು ತುಂಬಿತು, ನನ್ನ ಬಿಡುವು ಮುಗಿಯಿತು. ಕೋಣೆಯ ಬೀಗದ ಕೈಯನ್ನು "ಲೇಡೀಸನ್ನ ತಗೋತಾರಾ" ಅಂತ ಕೇಳಿದ್ದ ಹುಡುಗಿಗೆ ಕೊಟ್ಟೆ. ಅವಳಿಗೆ ಆಗ ಐದನೇ ತಿಂಗಳು. 2025ರ ನವೆಂಬರ್ 21ರಿಂದ ಹಳೇ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಸೆಕ್ಷನ್ನಿನ ನಂಬರು ಬದಲಾಗಿದೆ, ಅರ್ಜಿ ಬರೆಯುವವರು ಹೊಸ ನಂಬರು ನೋಡಿಕೊಂಡು ಬರೆಯಿರಿ. 15 ತಿಂಗಳವರೆಗಿನ ಎರಡು ಬಿಡುವು, 50 ನೌಕರರ ಲೆಕ್ಕ, ಎರಡೂ ಹಾಗೇ ಇವೆ.

ಯಾದಗಿರಿಯವಳನ್ನು ಜೂನಿನಲ್ಲಿ ಏಜೆನ್ಸಿಯವರು ಬೇರೆ ಕಂಪನಿಗೆ ಹಾಕಿದರು. ಹೋಗುವಾಗ ನನ್ನ ಅರ್ಜಿಯ ಒಂದು ಜೆರಾಕ್ಸ್ ಕೇಳಿ ತಗೊಂಡು ಹೋಗಿದ್ದಳು. ಹದಿನೈದು ದಿನ ಬಿಟ್ಟು ಫೋನ್ ಮಾಡಿದಳು. ಅಲ್ಲಿ ಪ್ಯಾಕಿಂಗಿನಲ್ಲಿ ಒಬ್ಬಳು ಎಂಟು ತಿಂಗಳ ಬಸುರಿ ಇದ್ದಾಳಂತೆ.

"ಅಕ್ಕಾರ, ಇಲ್ಲಿ ಎಷ್ಟ್ ಮಂದಿ ಅದಾರ ಅಂತ ಎಣಿಸೀನ್ರಿ. ಎಪ್ಪತ್ತೆರಡು."